ಒದ್ದೆ ಗಂಟು

"ಇದನ್ನ ಅಂಗಿಯೊಳಗೆ ಸೊಂಟಕ್ಕೆ ಸುತ್ಕೋ, ಮಗಾ," ಎಂದು ಹೆಣ್ಣಿನ ಕಡೆಯ ಮರಿಗೋ ಚಿಕ್ಕಮ್ಮ ಒಂದು ತುಂಡು ಮೀನುಬಲೆಯನ್ನು ಮದುಮಗನ ಮುಂದೆ ಹಿಡಿದಳು. "ಬಲೆ ತುಂಬಾ ಗಂಟೇ. ಇದನ್ನ ಉಟ್ಟವನ ಮೇಲೆ ಇನ್ನೊಬ್ರು ಮಾಟದ ಗಂಟು ಹಾಕೋಕಾಗಲ್ಲ."

ಸ್ತಾಮಾತಿಸ್ ಕನ್ನಡಿಯಿಂದ ಕಣ್ಣು ತೆಗೆಯದೆ ನಕ್ಕ. ಪಿರಿಯಸ್ ಬಂದರಿನಲ್ಲಿ ಹಡಗಿನ ಎಂಜಿನ್ನು ಬಿಚ್ಚಿ ಜೋಡಿಸುವವನು ಅವನು. ಕಲಿರೋಯಿಯನ್ನು ಮದುವೆಯಾಗಲೆಂದು ಕಾರ್ಪಥೋಸ್ ದ್ವೀಪದ ಈ ಗುಡ್ಡದ ಹಳ್ಳಿಗೆ ಬಂದು ವಾರವೂ ಆಗಿರಲಿಲ್ಲ.

"ನಾನು ಮದುವೆಗಂಡೋ, ಮಾರೋಕೆ ತಂದಿರೋ ಮೀನೋ, ಚಿಕ್ಕಮ್ಮ?"

"ನಗು, ನಗು. ಇವತ್ತು ಸೆವಾಸ್ತಿ ಇಗರ್ಜಿಗೆ ಬರ್ತಾಳೆ. ನಮ್ಮ ಹುಡುಗಿ ಅವಳ ಮಗ ಮಿನಾಸನಿಗೆ ನಿಶ್ಚಯ ಆಗಿದ್ದವಳು. ಸಮುದ್ರ ಅವನ ಹೆಣಾನೂ ವಾಪಸ್ ಕೊಡ್ಲಿಲ್ಲ. ಆ ತಾಯಿ ಸುಮ್ನೆ ಕೂರ್ತಾಳಾ?"

ಅವನು ಬಲೆಯನ್ನು ಕಿಟಕಿಯಾಚೆ ಎಸೆದ.

ಇಗರ್ಜಿಯಲ್ಲಿ ಧೂಪದ ಹೊಗೆ, ಕರಗುವ ಜೇನುಮೇಣದ ವಾಸನೆ, ಬೆವರು. ಪಾದ್ರಿ ಇಬ್ಬರ ತಲೆಯ ಮೇಲೂ ಹೂವಿನ ಕಿರೀಟವಿಟ್ಟು ಮಂತ್ರ ಓದತೊಡಗಿದಾಗ ಸ್ತಾಮಾತಿಸನ ಬೆನ್ನ ಹಿಂದೆಲ್ಲೋ ಹಗ್ಗ ಬಿಗಿಯುವ ಸಣ್ಣ ಕಿರಕಿರ ಸದ್ದು. ಅವನ ಬೆರಳ ತುದಿಗಳು ಜುಮ್ಮೆಂದವು. ಅವನು ತಿರುಗಿ ನೋಡಲಿಲ್ಲ.

ಅಂದಿನಿಂದ ಹೆಂಡತಿಯನ್ನು ಮುಟ್ಟಹೋದರೆ ಸಾಕು, ಕೈಗಳು ಮೊಣಕೈವರೆಗೆ ಮರಗಟ್ಟುತ್ತಿದ್ದವು. ಬೇರೆ ಎಲ್ಲಕ್ಕೂ ಅವು ಸರಿಯಾಗಿದ್ದವು. ಮಾವನ ದೋಣಿಯ ಎಂಜಿನ್ನನ್ನು ಒಬ್ಬನೇ ಎತ್ತಿದ. ಅವಳ ಕೆನ್ನೆಯ ಬಳಿ ಮಾತ್ರ ಅವು ಕಟ್ಟಿಗೆ. ಪಕ್ಕದ ರೋಡ್ಸ್ ದ್ವೀಪದ ಡಾಕ್ಟರು ಏನೂ ಇಲ್ಲವೆಂದರು. ಚಿಕ್ಕಮ್ಮ ನೀರಿಗೆ ಎಣ್ಣೆ ಬಿಟ್ಟು ದೃಷ್ಟಿ ತೆಗೆದಳು. ಪಾದ್ರಿ ಅವನ ತಲೆಗೆ ಬಟ್ಟೆ ಹೊದಿಸಿ ಪ್ರಾರ್ಥನೆ ಓದಿದರು. ಏನು ಮಾಡಿದರೂ ಅಷ್ಟೇ. ಅವನು ಕೈಯನ್ನು ಗೋಡೆಗೆ ಬಡಿದ. ಗೋಡೆ ತಾಗಿದ್ದು ಗೊತ್ತಾಯಿತು, ನೋವೂ ಆಯಿತು. ಅದರಿಂದ ಇನ್ನೂ ರೇಗಿತು.

"ನನ್ನ ಮೇಲೆ ಯಾಕೆ ಸಿಟ್ಟು?" ಎಂದಳು ಕಲಿರೋಯಿ.

"ನಿನ್ನ ಮೇಲಲ್ಲ, ಮಾರಾಯ್ತಿ. ಯಾರ ಮೇಲೆ ಅಂತಾನೇ ಗೊತ್ತಾಗ್ತಿಲ್ಲ."

ಕೊನೆಗೊಂದು ಮಧ್ಯಾಹ್ನ ಚಿಕ್ಕಮ್ಮನ ಮಾತು ನೆನಪಾಗಿ ಅವನು ಸೆವಾಸ್ತಿಯ ಮನೆ ಬಾಗಿಲು ತಳ್ಳಿದ. ಊರೆಲ್ಲ ಕಿಟಕಿ ಮುಚ್ಚಿ ಮಲಗಿದ ಹೊತ್ತು, ಜೀರುಂಡೆಗಳೂ ಸದ್ದಡಗಿಸಿದ್ದವು. ಒಳಗೆ ಕಗ್ಗತ್ತಲೆ, ಕೊಳೆತ ಪಾಚಿಯ ನಾತ. ಮುದುಕಿ ನೆಲದ ಮೇಲೆ ಕೂತು ಮೂರು ಗಂಟಿನ ಹಗ್ಗವೊಂದನ್ನು ಉಗುರಿನಿಂದ ಕೀಳುತ್ತಿದ್ದಳು. ಉಗುರುಗಳು ಕಿತ್ತುಹೋಗಿದ್ದವು.

"ಬಿಚ್ಚು," ಎಂದ ಅವನು.

"ಬಿಚ್ತಾನೇ ಇದ್ದೀನಪ್ಪಾ. ಹೊಟ್ಟೆಕಿಚ್ಚಿಗೆ ಕಟ್ಟಿದೆ, ಮಾರನೇ ದಿನಾನೇ ಪಶ್ಚಾತ್ತಾಪ ಆಯ್ತು." ಅವಳ ಧ್ವನಿ ಕುಸಿಯಿತು. "ನಾನು ಸಡಿಲವಾಗಿ ಕಟ್ಟಿದ್ದು. ಬಿಗಿದದ್ದು ನಾನಲ್ಲ."

ಹಗ್ಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಸಮುದ್ರ ಗುಡ್ಡದ ಕೆಳಗೆ, ಎಷ್ಟೋ ದೂರದಲ್ಲಿತ್ತು.

ಸ್ತಾಮಾತಿಸ್ ಚಾಕು ತೆಗೆದ.

"ಕತ್ತರಿಸಬೇಡ. ಬಿಚ್ಚಿದ್ರೆ ನನ್ನ ಮಗ ಇದ್ದಲ್ಲೇ ಇರ್ತಾನೆ. ಕತ್ತರಿಸಿದ್ರೆ..."

"ಸಾಕಾಯ್ತು ನಿಮ್ಮ ಕತೆ."

ಮೊದಲ ಗಂಟು. ಅವನ ಬೆರಳು ಬಿಸಿಯಾಯಿತು. ಎರಡನೆಯದು. ಹಗ್ಗ ಹಾವಿನಂತೆ ನುಲಿಯಿತು. ಮೂರನೆಯದನ್ನು ಕತ್ತರಿಸುತ್ತಲೇ ಕತ್ತಲೆಯಲ್ಲಿ ಯಾರೋ ದೀರ್ಘವಾಗಿ ಉಸಿರೆಳೆದರು, ಬಹಳ ಹೊತ್ತು ನೀರಿನಡಿಯಿದ್ದು ಮೇಲೆದ್ದವರ ಹಾಗೆ. ಮುದುಕಿ ಮುಖ ಮುಚ್ಚಿಕೊಂಡಳು.

ಅವನು ಮನೆಗೆ ಓಡಿದ. ಬೆರಳು ಮಡಚಿದ, ಬಿಡಿಸಿದ. ಮೆಟ್ಟಿಲು ಹಾರಿದ. ಕಲಿರೋಯಿ ಮಂಚದ ಮೇಲೆ ಮಲಗಿದ್ದಳು. ಕೈ ಚಾಚಿದ. ಮರಗಟ್ಟಲಿಲ್ಲ. ಕೈ ತಾನಾಗಿಯೇ ಮುಂದೆ ಹೋಯಿತು. ಅವನು ತಡೆದ. ನಿಲ್ಲಲಿಲ್ಲ. ಹಿಂದಕ್ಕೆಳೆದ. ಬರಲಿಲ್ಲ. ಅಂಗೈಯ ಗೆರೆಗಳಿಂದ ನೀರು ಜಿನುಗುತ್ತಿತ್ತು. ಬೆರಳು ಉಬ್ಬಿದ್ದವು, ಬೆಳ್ಳಗಾಗಿದ್ದವು. ಆ ಬೆರಳುಗಳು ಅವಳ ಹಣೆಯ ಕೂದಲನ್ನು ಸರಿಸಿ, ಅವನಿಗೆ ಗೊತ್ತೇ ಇರದಿದ್ದ ಕಿವಿಯ ಹಿಂದಿನ ಹಳೆಯ ಗಾಯದ ಗುರುತನ್ನು ಮೆಲ್ಲಗೆ ಸವರಿದವು. ಅವನಿಗೆ ಅವಳ ಚರ್ಮ ತಾಗಿದ್ದೇ ತಿಳಿಯಲಿಲ್ಲ.

ಕಲಿರೋಯಿ ಕಣ್ಣು ತೆರೆಯಲಿಲ್ಲ. ಮದುವೆಯಾದಾಗಿನಿಂದ ಅವನು ಒಮ್ಮೆಯೂ ಕಾಣದಿದ್ದ ನಗು ಅವಳ ಮುಖದ ಮೇಲೆ ಹರಡಿತು. ಆ ತಣ್ಣನೆಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ಎಷ್ಟು ತಡ ಮಾಡ್ದೆ, ಮಿನಾಸ್," ಎಂದಳು.