ಹಗಲುದೀಪ ಊದಿದವನು

ನನ್ನ ಹೆಂಡತಿಯ ರೊಟ್ಟಿ ಬಡಿಯುವ ಕೈ ಮುಟ್ಟಿ ಹೇಳುತ್ತೇನೆ, ಇದು ನಡೆದದ್ದೇ. ಅದೂ ಹಾಡಹಗಲಲ್ಲಿ, ದೇವದುರ್ಗದ ಬಜಾರಿನಲ್ಲಿ.

ಶಾಮೀದಸಾಬನ ಎಣ್ಣೆ ಅಂಗಡಿ ದಿವಾಳಿ ಎದ್ದಿತ್ತು. ಆ ಬಜಾರಿನ ಹಳೆಯ ಪದ್ಧತಿಯಂತೆ ಅವನು ಗಾದಿ ಮಗುಚಿ ಹಾಕಿ, ಹಗಲಲ್ಲೇ ದೀಪ ಹಚ್ಚಿಟ್ಟು ಕೂತಿದ್ದ. ಹಗಲುದೀಪ ಕಂಡರೆ ಸಾಲ ಕೇಳಲು ಬಂದವರು ಹೊಸ್ತಿಲಿಂದಲೇ ತಿರುಗಿ ಹೋಗಬೇಕು. ರಾಯಚೂರಿನಿಂದ ಫೈನಾನ್ಸ್ ವಸೂಲಿಗೆ ಬಂದ ಜಗನ್ನಾಥ ಮಾತ್ರ ಬೂಟುಗಾಲಲ್ಲೇ ಒಳಗೆ ನುಗ್ಗಿದ.

"ದೀಪ ಮುಟ್ಟಬ್ಯಾಡ್ರಿ ಸಾಹೇಬ್ರ" ಎಂದ ಸಾಬ. "ದೊಡ್ಡೋರು ಮಂತ್ರಿಸಿಟ್ಟಿದ್ದು. ಊದಿದವನ ಮಾತು ಯಾರೂ ನಂಬಂಗಿಲ್ಲ."

"ನಿನ್ನ ಮಾತು ಯಾರು ನಂಬತಾರಲೇ? ತಿಂದು ತೇಗಿ ದೀಪ ಹಚ್ಚಿ ಕುಂತೀಯಲ್ಲ! ದಿವಾಳಿ ತೆಗದವರೆಲ್ಲ ಕಳ್ಳರ."

"ಲಾಕ್‌ಡೌನ್‌ನಾಗ ಓಣಿಗೆಲ್ಲ ಉದ್ರಿ ಎಣ್ಣಿ ಕೊಟ್ಟೆ. ರೊಕ್ಕ ತಿರುಗಿ ಬರಲಿಲ್ಲ. ನಂದೂ ತಪ್ಪದ, ಇಲ್ಲನ್ನಂಗಿಲ್ಲ. ಆದ್ರ ಕಳ್ಳ ಅಲ್ರಿ."

ಜಗನ್ನಾಥ ನಕ್ಕ. ಕೆನ್ನೆ ಉಬ್ಬಿಸಿ ಊದಿಯೇ ಬಿಟ್ಟ.

ಹೊರಗೆ ಸುಡುಬಿಸಿಲು, ಒಳಗೆ ಬಾವಿಯಂಥ ಕತ್ತಲು. ಕಮಟು ಎಣ್ಣೆಯ ನಾತ. ಬತ್ತಿಯ ಹೊಗೆ ಮೇಲೇರಲಿಲ್ಲ. ಹಾವಿನಂತೆ ಹರಿದು ಬಂದು ಅವನ ಮೂಗಿನೊಳಗೆ ಹೊಕ್ಕಿತು.

ಕೆಮ್ಮುತ್ತಲೇ ರಾಯಚೂರು ಬಸ್ಸು ಹತ್ತಿದ. ದಾರಿಯಲ್ಲಿ ತಪಾಸಣೆಯವನು ಟಿಕೆಟ್ ಕೇಳಿದ. ಜಗನ್ನಾಥ ಟಿಕೆಟ್ಟನ್ನು ಅವನ ಮೂಗಿಗೇ ಹಿಡಿದ.

"ಖಾಲಿ ಕೈ ತೋರಸ್ತೀಯೇನಲೇ? ಇಳಿ ಕೆಳಗ!"

ಆಫೀಸಿಗೆ ಫೋನ್ ಮಾಡಿದ. "ಯಾವ ಜಗನ್ನಾಥ? ಹಿಂಗ ಫೋನ್ ಮಾಡಿ ಮೋಸ ಮಾಡೋರು ಭಾಳ ಆಗ್ಯಾರ" ಎಂದು ಕಟ್ ಮಾಡಿದರು. ಕೊನೆಗೆ ಹತ್ತಿ ತುಂಬಿದ ಲಾರಿಯ ಹಿಂದೆ ಜೋತುಬಿದ್ದು ರಾಯಚೂರಿನ ಮನೆ ಮುಟ್ಟಿದ. ಬಾಗಿಲು ಬಡಿದ.

"ವೃಂದಾ, ನಾನು. ತೆಗಿ."

ಒಳಗಿಂದ ಹೆಂಡತಿಯ ದನಿ ಬಂತು. "ಯಾರ್ರೀ ನೀವು? ನಮ್ಮನಿಯವರು ಊಟಕ್ಕ ಕುಂತಾರ."

ಕಿಟಕಿಯಲ್ಲಿ ಇಣುಕಿದ. ತಟ್ಟೆಯ ಮುಂದೆ ಅವನದೇ ಅಂಗಿ. ಅವನದೇ ಬೆನ್ನು. ಅದು ಮೆಲ್ಲಗೆ ತಿರುಗಿತು. ಮುಖವಿಲ್ಲ. ಬರೀ ಹೊಗೆ. ಹೊಗೆಯೊಳಗೆ ಕೆಂಪಗೆ ಒಂದು ಬತ್ತಿಯ ತುದಿ. ವೃಂದಾ ಅದಕ್ಕೆ ಅನ್ನ ಬಡಿಸುತ್ತಿದ್ದಳು.

ಓಡಿದ. ಬಿದ್ದ. ಎದ್ದ. ಇನ್ನೊಂದು ಲಾರಿಗೆ ಜೋತುಬಿದ್ದ. ಹೊತ್ತು ಮುಳುಗುವಾಗ ದೇವದುರ್ಗ. ಅದೇ ಅಂಗಡಿ. ಕಡ್ಡಿ ಗೀರಿದ. ಆರಿತು. ಗೀರಿದ. ಆರಿತು.

"ಚಾಚಾ! ನಾನು ಖರೇನ ಜಗನ್ನಾಥ! ನೀವಾರ ನಂಬ್ರಿ!"

ಸಾಬ ಅವನ ಮುಖವನ್ನೇ ನೋಡಿದ. "ನಂಬತೀನಿ, ಬಾ. ಯಾರೂ ನಂಬಲಿಲ್ಲಂದ್ರ ಹೆಂಗಾಗ್ತದಂತ ನನಗ ಗೊತ್ತದ."

ಬತ್ತಿ ಹೊತ್ತಿಕೊಂಡಿತು.

ಮನೆಗೆ ಮರಳಿದಾಗ ಆ ಹೊಗೆಯವನಿರಲಿಲ್ಲ; ಅವನ ತಟ್ಟೆ ಮಾತ್ರ ಉಳಿದಿತ್ತು, ಅದರ ತುಂಬ ಬೂದಿ. ಆದರೆ ಜಗನ್ನಾಥ ಬಾಯಿ ತೆರೆದರೆ ಕರಕಲು ಬತ್ತಿಯ ವಾಸನೆ ಇನ್ನೂ ಬರುತ್ತದೆ. ಅದಕ್ಕೇ ವೃಂದಾ ದಿನಾ ಚಿಲಕ ಹಿಡಿದು ನಿಂತು, "ಖರೇ ನೀವೇ ಏನ್ರೀ?" ಎಂದು ಕೇಳುತ್ತಾಳೆ. ಅವನು ಹೌದೆಂದರೂ ಬಹಳ ಹೊತ್ತು ತೆಗೆಯುವುದಿಲ್ಲ.

ನಂಬಿದಿರಲ್ಲ? ಹಾಗಾದರೆ ನಾಳೆ ಸೊಸೈಟಿಗೆ ಬಂದು ನನ್ನ ಸಾಲಕ್ಕೊಂದು ಜಾಮೀನು ಸಹಿ ಹಾಕಿಬಿಡಿ. ನಂಬಲಿಲ್ಲವೇ? ದೀಪ ಇನ್ನೂ ಅಲ್ಲೇ ಉರಿಯುತ್ತಿದೆ. ಹೋಗಿ ಊದಿ ಬನ್ನಿ.