ತಾಮ್ರದ ಹುಂಜಕ್ಕೆ ಕೂದಲೆಳೆಯಷ್ಟು ಹೆಚ್ಚು ದಪ್ಪದ ಗುಂಡು

ಒಂದಾನೊಂದು ಕಾಲ ಅಂತ ಇತ್ತಲ್ಲ, ಆಗ ಕರಿಬಂಡೆ ಎಂಬ ರಾಜ್ಯದಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ಬರುತ್ತಿರಲಿಲ್ಲ ಅಂತಲ್ಲ ಸ್ವಾಮಿ, ಯಾರೋ ಕದ್ದಿದ್ದರು! ಗುಡ್ಡದ ಮೇಲಿದ್ದ ಮಾಂತ್ರಿಕನ ಕಣ್ಣಿಗೆ ರೆಪ್ಪೆಗಳೇ ಇರಲಿಲ್ಲ. ತನಗಿಲ್ಲದ ನಿದ್ದೆ ಊರಿಗೇಕೆ ಎಂದು ಹೊಟ್ಟೆ ಉರಿದು, ಇಡೀ ರಾಜ್ಯದ ನಿದ್ದೆಯನ್ನು ತನ್ನ ತಾಮ್ರದ ಹುಂಜದ ಹೊಟ್ಟೆಯಲ್ಲಿ ತುಂಬಿಟ್ಟ. ಹುಂಜ ಆನೆಯಷ್ಟು ದೊಡ್ಡದು. ಅದರ ಕೊರಳಲ್ಲಿ ಅಡಿಕೆಯಷ್ಟು ಅಗಲದ ಮೆತ್ತನೆ ಜಾಗವೊಂದಿತ್ತು. ಅಲ್ಲಿಗೆ ಸೀಸದ ಗುಂಡು ತಾಗಿದರೆ ಅದರ ಕತೆ ಮುಗಿಯಿತು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ನಿದ್ದೆಗೆಟ್ಟ ಸೈನಿಕರ ಕೈಗಳು ಗಡಗಡ ನಡುಗುತ್ತಿದ್ದವು.

ಕೈ ನಡುಗದವನು ಒಬ್ಬನೇ, ಅರಮನೆಗೆ ಗುಂಡು ಎರೆಯುವ ಮೌನಾಚಾರಿ. ಕಾದ ಸೀಸದ ಸೌಟನ್ನು ಮೂವತ್ತು ವರ್ಷ ಹಿಡಿದವನು. ಕೈ ನಡುಗಿದ್ದರೆ ಅವನ ಕಾಲು ಉಳಿಯುತ್ತಿತ್ತೇ?

ಅವನ ಮೊಮ್ಮಗಳು ಹನ್ನೆರಡು ದಿನದ ಕೂಸು. ಹುಟ್ಟಿದಾಗಿನಿಂದ ಒಮ್ಮೆಯೂ ಕಣ್ಣು ಮುಚ್ಚಿರಲಿಲ್ಲ. ಅಳುವುದಕ್ಕೂ ತ್ರಾಣವಿಲ್ಲದೆ ಸೂರು ನೋಡುತ್ತ ಮಲಗಿತ್ತು. "ಇನ್ನು ಮೂರು ದಿನ ತಡೆದೀತು, ಅಷ್ಟೇ," ಅಂದಿದ್ದರು ಪಂಡಿತರು.

ರಾಜ ತನ್ನ ತಾತನ ಪಿಸ್ತೂಲನ್ನು ಆಚಾರಿಯ ಕೈಗಿಟ್ಟ. ಹಿಂದಿನಿಂದ ಒಂದೇ ಗುಂಡು ತುಂಬುವ ಪಿಸ್ತೂಲು. ಗುಂಡಿಗೆ ಅಲ್ಲೊಂದು ಕಟ್ಟಳೆಯೂ ಇತ್ತು. ಎರೆದ ಪ್ರತಿ ಗುಂಡನ್ನೂ ರಾಜಮುದ್ರೆಯ ಉಕ್ಕಿನ ಉಂಗುರದಲ್ಲಿ ಗುದ್ದಿ ತೂರಿಸಿ ಒಂದೇ ಅಳತೆಗೆ ತರಬೇಕು. ಉಂಗುರ ಮುಟ್ಟಿ ಕೆಡಿಸಿದವನ ಕೈ ಕಡಿಯಬೇಕು.

ಮೊದಲನೇ ದಿನ ಆಚಾರಿ ಗುಂಡು ಎರೆದ, ಉಂಗುರದಲ್ಲಿ ತೂರಿಸಿದ, ಗುಡ್ಡದ ಏಳುನೂರು ಮೆಟ್ಟಿಲು ಹತ್ತಿದ. ಗುರಿಯಿಟ್ಟು ಹೊಡೆದ. ಗುಂಡಿನ ಸುತ್ತಲಿನ ಸಂದಿಯಿಂದ ಹೊಗೆಯೆಲ್ಲ ಮುಂದೆ ಓಡಿತು. ಗುಂಡು ಹಿಂದಿನಿಂದ ತೂರಾಡುತ್ತ ಬಂದು ಹತ್ತು ಮಾರು ದೂರದಲ್ಲಿ ಬಿತ್ತು.

"ಉಗುಳಿದೆಯೋ, ಹೊಡೆದೆಯೋ?" ಎಂದು ಕೇಳಿತು ಹುಂಜ.

ಆಚಾರಿ ಏಳುನೂರು ಮೆಟ್ಟಿಲು ಇಳಿದ.

ಎರಡನೇ ದಿನ, ಗುಂಡು ಸಣ್ಣದಾಯಿತಲ್ಲವೇ ಎಂದುಕೊಂಡು, ಅಚ್ಚಿನಿಂದ ಬಿದ್ದದ್ದನ್ನು ಉಂಗುರಕ್ಕೆ ತೋರಿಸದೆ ಹಾಗೇ ಒಯ್ದ. ಮತ್ತೆ ಏಳುನೂರು ಮೆಟ್ಟಿಲು. ಗುಂಡು ಪಿಸ್ತೂಲಿನ ಒಳಗೇ ಹೋಗಲೊಲ್ಲದು! ಒತ್ತಿದ, ಬೈದ, ಕಲ್ಲಿನಿಂದ ಬಡಿದ. ಅಷ್ಟರಲ್ಲಿ ಹುಂಜ ಬಂದು ಅವನ ರುಮಾಲು ಕಿತ್ತುಕೊಂಡು ನುಂಗಿತು. ಜೀವ ಉಳಿದದ್ದೇ ಪುಣ್ಯ.

ಮನೆಗೆ ಬಂದವನು ಗೋಡೆಗೊರಗಿ ಕೂತ. "ನನ್ನ ಕೈಲಾಗಲ್ಲ ಕಣೇ. ಸಾಕಾಗಿಹೋಯ್ತು."

ಹೆಂಡತಿ ಕಾಳಮ್ಮ ಕೂಸನ್ನು ತೊಡೆಯ ಮೇಲೆ ತೂಗುತ್ತಿದ್ದಳು. "ಬಳೆಗಾರ ಬಂದ್ರೆ ನನ್ನ ಕೈ ಒತ್ತಿ ನೋಡಿ ಬಳೆ ತೊಡಿಸ್ತಾನೋ, ಮಹಾರಾಣಿ ಕೈ ನೋಡಿ ತೊಡಿಸ್ತಾನೋ?"

"ನಿನ್ನ ಕೈ ನೋಡೇ."

"ಮತ್ತೆ ನೀನು ಆ ಪಿಸ್ತೂಲಿನ ಕೈ ಹಿಡಿದು ನೋಡಿದ್ಯಾ? ಮೂವತ್ತು ವರ್ಷ ಉಂಗುರಾನೇ ನೋಡ್ಕೊಂಡು ಕೂತಿದ್ಯಲ್ಲ ಮಾರಾಯ!"

ಆಚಾರಿಗೆ ನಾಚಿಕೆಯಾಯಿತು.

ಮೂರನೇ ದಿನ ಬೆಳಿಗ್ಗೆ ಸೀದಾ ಅರಮನೆಗೆ ಹೋಗಿ ರಾಜನೆದುರೇ ಕೂತ. ಮೆತ್ತನೆ ಸೀಸದ ಉಂಡೆಗೆ ಎಣ್ಣೆ ಸವರಿ, ಪಿಸ್ತೂಲಿನ ಖಾಲಿ ನಳಿಗೆಯ ಬಾಯಿಗಿಟ್ಟು, ಮರದ ಕೋಲಿನಿಂದ ಬಡಿದು ಈ ತುದಿಯಿಂದ ಆ ತುದಿಗೆ ದಾಟಿಸಿದ. ಉಂಡೆ ನಳಿಗೆಯ ಅಳತೆ ಹೊತ್ತು ಹೊರಬಿತ್ತು. ಅದನ್ನು ರಾಜಮುದ್ರೆಯ ಉಂಗುರಕ್ಕೆ ಹಿಡಿದರೆ ಒಳಗೇ ಹೋಗಲಿಲ್ಲ. ತಾತನ ಕಾಲದಿಂದ ಗುಂಡು ಹೊಡೆದೂ ಹೊಡೆದೂ ನಳಿಗೆ ಸವೆದು ಅಗಲವಾಗಿತ್ತು. ಉಂಗುರ ಮಾತ್ರ ಹಾಗೇ ಇತ್ತು. ಆಚಾರಿ ಅರ ತೆಗೆದು ಉಂಗುರದ ಒಳಬದಿ ಉಜ್ಜತೊಡಗಿದ.

"ಲೇ ಆಚಾರಿ, ಕೈ ಕಡಿಸ್ತೀನಿ!" ಅಂದ ರಾಜ.

"ಕಡಿಸಿ ಬುದ್ಧಿ, ಸಾಯಂಕಾಲ ಕಡಿಸಿ. ಮಧ್ಯಾಹ್ನದವರೆಗೆ ನನಗೆ ಕೈ ಬೇಕು. ಮನೇಲಿ ಕೂಸು ಸಾಯ್ತಾ ಇದೆ."

ರಾಜ ತನ್ನ ಕೆಂಪು ಕಣ್ಣುಗಳನ್ನು ತಿಕ್ಕಿಕೊಂಡ. "ಉಜ್ಜು ಹೋಗು. ಕಡಿಯೋಕೆ ಯಾರಿಗೆ ತ್ರಾಣ ಇದೆ? ಆ ಕಟ್ಟಳೇನೂ ಇವತ್ತಿಗೇ ಸತ್ತುಹೋಗಲಿ."

ಗುಂಡು ನಳಿಗೆಗೆ ಸರಿಸಮನಾದರೆ ಸಾಲದು, ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪವಿದ್ದರೇ ಹೊಗೆ ನುಸುಳುವುದಿಲ್ಲ. ಅವನು ತನ್ನ ಗಡ್ಡದ ಒಂದು ಕೂದಲು ಕಿತ್ತು ಉಂಡೆಗೆ ಸುತ್ತಿ, ಅದು ಉಂಗುರದಲ್ಲಿ ಬಿಗಿಯಾಗಿ ಜಾರುವವರೆಗೆ ಉಜ್ಜಿದ. ಹೊಸ ಗುಂಡು ಎರೆದು ಅದರಲ್ಲಿ ತೂರಿಸಿದ. ಪಿಸ್ತೂಲಿಗೆ ತುಂಬಿ ನೋಡಿದರೆ ಹೆಬ್ಬೆರಳ ಒತ್ತಿಗೇ ಗುಂಡು ಒಳಗೆ ಕೂತಿತು.

ಮತ್ತೆ ಅವೇ ಏಳುನೂರು ಮೆಟ್ಟಿಲು. ಹೇಳೋಕೇ ನನಗೆ ಸುಸ್ತು, ಹತ್ತಿದವನ ಗತಿ ಏನು! ಹುಂಜ ನಗಲು ಕತ್ತೆತ್ತಿತು. ಆಚಾರಿ ಹೊಡೆದ. ಗುಂಡು ನೆಟ್ಟಗೆ ಹೋಗಿ ಕೊರಳಿಗೆ ನಾಟಿತು. ಹುಂಜ ಹಳೇ ಹಂಡೆಯ ಹಾಗೆ ಒಡೆಯಿತು. ಒಳಗಿದ್ದ ನಿದ್ದೆಯೆಲ್ಲ ಬೆಚ್ಚನೆ ಗಾಳಿಯಾಗಿ ಹೊರಬಂತು. ಮಾಂತ್ರಿಕನಿಗೆ ರೆಪ್ಪೆಗಳು ಮೂಡಿದವು. "ಅಯ್ಯೋ, ಇದು ಹೀಗಿರುತ್ತಾ!" ಎಂದವನೇ ಬಂಡೆಗೊರಗಿ ಮಲಗಿದ. ಕಲಿತ ಮಂತ್ರಗಳೆಲ್ಲ ಆ ನಿದ್ದೆಯಲ್ಲೇ ಮರೆತುಹೋದವು.

ಆಚಾರಿ ತೊಡೆ ಚಿವುಟಿಕೊಳ್ಳುತ್ತ ಇಳಿದ. ಬೀದಿಯ ತುಂಬ ಜನ ಬಿದ್ದಲ್ಲೇ ಗೊರಕೆ ಹೊಡೆಯುತ್ತಿದ್ದರು. ಮನೆಯಲ್ಲಿ ಕಾಳಮ್ಮ ಕೂತಲ್ಲೇ ನಿದ್ದೆಹೋಗಿದ್ದಳು. ತೊಡೆಯ ಮೇಲೆ ಕೂಸು ಕಣ್ಣು ಮುಚ್ಚಿಕೊಂಡಿತ್ತು.

ಅದು ಕಣ್ಣು ಮುಚ್ಚಿದ್ದನ್ನು ಆಚಾರಿ ಕಂಡವನೇ ಅಲ್ಲ. ತಡವಾಯಿತೆಂದುಕೊಂಡ. ಸೀಸ ಎರೆಯುವಾಗ ನಡುಗದ ಕೈ ಈಗ ನಡುಗಿತು. ಮೂಗಿನ ಕೆಳಗೆ ಬೆರಳು ಹಿಡಿದ.

ಬೆಚ್ಚನೆ ಉಸಿರು ತಾಗಿತು. ಕೂಸು ತುಟಿ ಚಪ್ಪರಿಸಿ ಮಗ್ಗುಲಾಯಿತು. ಮುದುಕ ಸದ್ದಾಗದಂತೆ ಅತ್ತು, ಅಲ್ಲೇ ನೆಲದ ಮೇಲೆ ಮಲಗಿಬಿಟ್ಟ.

ಕರಿಬಂಡೆಯವರು ಎದ್ದದ್ದು ನಾಲ್ಕನೇ ದಿನ. ಎದ್ದು, ಹೊಟ್ಟೆ ತುಂಬ ಉಂಡು, ಮುಂದೆ ಬಹುಕಾಲ ಸುಖವಾಗಿ ಬಾಳಿದರು. ನೀವೂ ಇನ್ನು ಮಲಗಿ.