ಮೂರನೇ ಅಳತೆ

"ಒಮ್ಮೆ ನೋಡಿ ಬರೆದದ್ದು ಅಳತೆಯೇ ಅಲ್ಲ" ಎನ್ನುವುದು ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಚೇತನಕುಮಾರನ ಮಾತು. ಕಬ್ಬಿಣದ ಗುಂಡಿನ ದ್ರವ್ಯರಾಶಿಯಾಗಲಿ, ಕುದಿಯುವ ನೀರಿನ ಉಷ್ಣತೆಯಾಗಲಿ, ಮೂರು ಸಲ ಅಳೆದು ಸರಾಸರಿ ತೆಗೆದರೇ ಅವನಿಗೆ ಸಮಾಧಾನ.

ಗಣಿತದ ಟೀಚರಾಗಿ ಹೊಸದಾಗಿ ಬಂದ ದಾನೇಶ್ವರಿ ಚಾಕ್‌ಪೀಸ್ ಕೇಳಲು ಪ್ರಯೋಗಾಲಯಕ್ಕೆ ಬಂದಾಗ, ಅವನು ಸ್ಪ್ರಿಂಗ್ ತಕ್ಕಡಿಗೆ ಕಲ್ಲು ತೂಗುಹಾಕಿ ಕಣ್ಣು ಕಿರಿದು ಮಾಡಿ ನಿಂತಿದ್ದ.

"ಎಷ್ಟ ಬಂತ್ರಿ ಸರ್?"

"ಎರಡು ನ್ಯೂಟನ್. ಇನ್ನೊಮ್ಮಿ ನೋಡಬೇಕ್ರಿ."

"ಕಲ್ಲೇನು ಸುಳ್ಳ ಹೇಳ್ತದೇನ್ರಿ?"

ಅವಳು ನಕ್ಕಳು. ಅವನು ಕಲ್ಲನ್ನೇ ಮರೆತ.

ಸಂಜೆ ಅವಳ ಊರಾದ ವಡಗೇರಾಕ್ಕೆ ಹೋಗುವ ಬಸ್ಸು ಬರುವವರೆಗೆ ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವುದು ರೂಢಿಯಾಯಿತು.

"ಬಿಸಿ ಗ್ಲಾಸಿಂದ ತಂಪು ಕೈಗಿ ಶಾಖ ಹರೀತದ್ರಿ, ಎರಡೂ ಒಂದ ಆಗೋತನಕ" ಎಂದ ಒಂದು ದಿನ.

"ಎರಡೂ ಒಂದ ಆಗೋದಂದ್ರ ಹೆಂಗ್ರಿ?" ಎಂದು ಅವಳು ಓರೆಗಣ್ಣಿನಿಂದ ನೋಡಿದಳು. ಈ ಮಹಾನುಭಾವ ಬಸ್ಸು ಬರುವ ತನಕ ಉಷ್ಣ ಸಮತೋಲನದ ಪಾಠ ಹೇಳಿದ.

ಯುಗಾದಿಗೆ ಹದಿನೈದು ದಿನವಿದ್ದಾಗ ದಾನೇಶ್ವರಿ ತಲೆತಗ್ಗಿಸಿ ಹೇಳಿದಳು: "ನಮ್ಮ ಸೋದರಮಾವ ಹಬ್ಬಕ್ಕ ಸೀರಿ ತರ್ತಾರಂತ. ನಾ ತಗೊಂಡ್ನೆಂದ್ರ ಅವರ ಜೋಡಿ ಲಗ್ನ ಗಟ್ಟಿ ಆದಂಗ. ಅಷ್ಟರಾಗ ಮನಿಗಿ ಬಂದು ನಮ್ಮಪ್ಪಾರನ್ನ ಕೇಳ್ರಿ. ನಿಂತದ್ದು ತಾನಾಗೇ ಸರಿಯಂಗಿಲ್ಲಂತ ನೀವೇ ಹುಡುಗರಿಗಿ ಹೇಳ್ತೀರಲ್ಲ? ಈಗ ನಾ ನೂಕಾಕತ್ತೇನಿ."

ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಮನೆಗೆ ಹೋದ ಮೇಲೆ ಹಳೆಯ ಚಾಳಿ ತಲೆ ಎತ್ತಿತು. ಹೇಳಿದ್ದು ಪ್ರೀತಿಯಿಂದಲೋ, ಮಾವನ ಮೇಲಿನ ಹೆದರಿಕೆಯಿಂದಲೋ? ಇನ್ನೊಮ್ಮೆ ಹೇಳಲಿ, ಮತ್ತೊಮ್ಮೆ ಹೇಳಲಿ ಎಂದು ಕಾದ. ನಾಚಿಕೆ ನುಂಗಿ ಹೆಣ್ಣುಮಗಳು ಆಡಿದ ಮಾತು ಅದು, ಮತ್ತೆ ಮತ್ತೆ ಆಡುತ್ತಾಳೆಯೇ? ಅವಳು ಬಾಯಿ ಬಿಡಲಿಲ್ಲ, ಇವನು ಬಸ್ಸು ಹತ್ತಲಿಲ್ಲ.

ಹಬ್ಬ ಮುಗಿದ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಚಹಾ ಬೇಡವೆಂದಳು.

"ಸೀರಿ ತಗೊಂಡೆ, ಸರ್."

ಅವನು ತನ್ನ ಗ್ಲಾಸು ಕೆಳಗಿಟ್ಟ. "ನೀವು ಇನ್ನೊಮ್ಮಿ ಹೇಳ್ತೀರೇನೋ ಅಂತ..."

"ಒಮ್ಮಿ ಹೇಳಾಕ ನಾ ಎಂಟು ತಿಂಗಳು ಧೈರ್ಯ ಕೂಡಿಸೀನ್ರಿ."

ಆಗ, ಜನರ ನಡುವೆಯೇ, ಅವನು ಮೊದಲ ಬಾರಿಗೆ ಒಂದನ್ನೂ ತೂಗಿ ನೋಡದೆ ಆಡಿದ: "ನೀವಂದ್ರ ನನಗ ಜೀವ್ರಿ. ಇವತ್ತೇ ಬರ್ತೀನಿ. ಅಪ್ಪಾರ ಕಾಲಿಗಿ ಬೀಳ್ತೀನಿ."

ದಾನೇಶ್ವರಿಯ ಕಣ್ಣುಗಳು ತುಂಬಿ ಬಂದವು. ಎದುರಿಗೆ ವಡಗೇರಾ ಬಸ್ಸು ಬಂದು ನಿಂತಿತ್ತು.

"ಸೀರಿ ಕೈಯಾಗ ಕೊಡೋ ಮುಂದ ಅಪ್ಪ ಕೇಳಿದ್ರು, ಮನಸಿನಾಗ ಯಾರರ ಇದ್ರ ಈಗ ಹೇಳವ್ವಾ, ಮಾವಗ ನಾ ತಿಳಿಸಿ ಹೇಳ್ತೀನಿ ಅಂತ. ಬಾಗಿಲ ಕಡಿ ನೋಡ್ದೆ, ಸರ್. ಯಾರೂ ಇರಲಿಲ್ಲ. ಯಾರೂ ಇಲ್ಲಪ್ಪಾ ಅಂದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು.